ಕಾಮತ್ ಅಂಡ್

ಟೋಕಿಯೋದಿಂದ ಬಂದ ನಮೂನೆಯಲ್ಲಿ ಹನ್ನೆರಡು ಕಾಲಮ್ಮು.
ಸ್ಥಾಪನೆಯ ದಿನಾಂಕ. ಮೂಲ ಬಂಡವಾಳ.
ಹಿಂದಿನ ಹೆಸರುಗಳು, ಕಾಲಾನುಕ್ರಮದಲ್ಲಿ.
‘ಶುಕ್ರವಾರದೊಳಗೆ ತುಂಬಿಕೊಡಿ ಫೆಲ್ಸಿ ಮೇಡಂ,
ನಿಮ್ಮಷ್ಟು ಹಳಬರು ಇಲ್ಲಿ ಬೇರೆ ಯಾರಿದ್ದಾರೆ’
ಎಂದರು ಮ್ಯಾನೇಜರು. ಅವರು ಬಂದು ಎಂಟು ತಿಂಗಳು.

ನಮ್ಮನ್ನು ಮುಂಬಯಿಯವರು ಕೊಂಡರು,
ಮುಂಬಯಿಯವರನ್ನು ಹಿನೋಮೊರಿ ಶೋಕೆನ್ ಕೊಂಡಿತು.
ಶೋಕೆನ್ ಅಂದರೆ ಶೋಕವಲ್ಲ, ಶೋಕಿಯೂ ಅಲ್ಲ,
ಷೇರುಪತ್ರ, ಸಾಲಪತ್ರ ಅಂತ
ದಸ್ತಗೀರನಿಗೆ ಬಿಡಿಸಿ ಹೇಳಿದೆ.
ಅವನು ಫ್ಲಾಸ್ಕು ತೊಳೆಯುತ್ತ,
‘ಎರಡೂ ಸೇರಿದ್ರೇ ಅಲ್ವಾ ಮೇಡಂ ನಮ್ ದಂಧೆ’ ಅಂದ.

ಮಾದರಿಗೆಂದು ಅವರ ಚರಿತ್ರೆಯನ್ನೂ ಲಗತ್ತಿಸಿದ್ದರು.
ಒಸಾಕಾದ ಅಕ್ಕಿಪೇಟೆಯ ಮಗ್ಗುಲಲ್ಲಿ
ಅಣ್ಣ ತಮ್ಮ ಇಬ್ಬರು ಇಟ್ಟ ಅಂಗಡಿ.
ಭೂಕಂಪ, ಒಂದು ಸಾಲು. ಯುದ್ಧ, ಒಂದು ಸಾಲು.
ವಿಲೀನ, ವಿಲೀನ, ಹೆಸರು ಬದಲಾವಣೆ, ವಿಲೀನ.
ತಮ್ಮ ಯಾವ ಸಾಲಿನಲ್ಲಿ ಎದ್ದು ಹೋದ
ಹುಡುಕಿದೆ. ಸಿಗಲಿಲ್ಲ.

ನಮ್ಮದು ಎಂಬತ್ನಾಲ್ಕು. ಗಾಂಧಿಬಜಾರಿನ ಮಹಡಿ,
ಕೆಳಗೆ ಪಾತ್ರೆ ಅಂಗಡಿ, ಏಣಿಯಂಥ ಮೆಟ್ಟಿಲು.
‘ಕಾಮತ್ ಅಂಡ್ ಹಾಲಪ್ಪ, ಷೇರು ದಲ್ಲಾಳಿಗಳು’
ಹಳದಿಯ ಮೇಲೆ ಕೆಂಪು. ಬರೆದವನು ದುರ್ಗಿಗುಡಿಯ ಪೇಂಟರ್ ಜೋಗಿ.
ವಾಮನ ಕಾಮತರದು ಲೆಕ್ಕ, ಹಾಲಪ್ಪನವರದು ಮಾತು.
ಬೆಂಗಳೂರಿಗೆ ಟ್ರಂಕ್ ಕಾಲ್;
ದರ ಹೇಳುವ ದನಿ ಭದ್ರಾವತಿ ದಾಟುವಷ್ಟರಲ್ಲಿ ಸವೆದು
ಮುನ್ನೂರೋ ಮುನ್ನೂರಾರೋ ತಿಳಿಯದೆ
ಕಾಮತರು ಹಲ್ಲು ಕಡಿಯುತ್ತಿದ್ದರು.
ಬರುತ್ತಿದ್ದರು ಕಾಗದ ಕಾರ್ಖಾನೆಯ ಫಿಟ್ಟರುಗಳು,
ರಾತ್ರಿ ಪಾಳಿ ಮುಗಿಸಿದ ನರ್ಸುಗಳು,
ಮುಳುಗಡೆ ಪರಿಹಾರದಲ್ಲಿ ಉಳಿದದ್ದನ್ನು
ಹಾರ್ಲಿಕ್ಸ್ ಬಾಟಲಿಯಲ್ಲಿ ತಂದ ಸಾಗರದ ಕಡೆಯ ಒಬ್ಬಾಕೆ.
ಸಹಿ ತಾಳೆಯಾಗದೆ ವಾಪಸಾದ ವರ್ಗಾವಣೆ ಪತ್ರಗಳನ್ನು
ನಾನು ಗೋಣಿದಾರದಲ್ಲಿ ಕಟ್ಟಿಡುತ್ತಿದ್ದೆ.

ತೊಂಬತ್ತೆರಡರ ಬೇಸಿಗೆ. ಮೆಟ್ಟಿಲ ತುಂಬ ಚಪ್ಪಲಿ.
ಯಾರೂ ಕೂಗಲಿಲ್ಲ, ಅದೇ ಕಷ್ಟವಾದದ್ದು.
ಹಾಲಪ್ಪನವರು ಎದ್ದು ನಿಂತು
‘ಕೊಳ್ಳಿ ಅಂದಿದ್ದು ನಾನು, ಕಾಮತರಲ್ಲ’ ಅಂದರು. ಅಷ್ಟೇ.
ವಿದ್ಯಾನಗರದ ಸೈಟು ಹೋಯಿತು, ಸ್ಕೂಟರು ಹೋಯಿತು,
ಬಾಟಲಿಯಾಕೆಯ ಹಣ ಬಂತು, ಪೂರ್ತಿಯಲ್ಲ.
ಬಿಡುಗಡೆ ಪತ್ರಕ್ಕೆ ಸಹಿ ಹಾಕಿ
ಪೆನ್ನಿಗೆ ಕ್ಯಾಪು ಹಾಕದೆ ಇಳಿದುಹೋದರು.

ಜೋಗಿ ಬಂದ. ‘ಹಾಲಪ್ಪ’ನ ಮೇಲೆ ಹಳದಿ ಬಳಿದ.
‘ಅಂಡ್‌ನೂ ಅಳಿಸ್ಲಾ ಸಾರ್?’
ಕಾಮತರು ಲೆಡ್ಜರಿನಿಂದ ತಲೆಯೆತ್ತಲಿಲ್ಲ.
‘ಇರಲಿ.’

ಇಪ್ಪತ್ತೆರಡು ತಿಂಗಳು ನಮ್ಮ ಕಂಪನಿಯ ಹೆಸರು
ಕಾಮತ್ ಅಂಡ್.
ರಸೀದಿ ಪುಸ್ತಕದಲ್ಲೂ ಹಾಗೇ. ಪೋಸ್ಟ್‌ಮ್ಯಾನು ನಗುತ್ತಿದ್ದ.
ಬಿಸಿಲೇರಿದ ಮಧ್ಯಾಹ್ನ ಹಳದಿಯ ಅಡಿಯಿಂದ
ಹಾ, ಲ, ಪ, ಅದರ ಕೆಳಗಿನ ಒತ್ತು
ನಸುಗೆಂಪಾಗಿ ಏಳುತ್ತಿತ್ತು.
ಎದುರು ಹೋಟೆಲಿನ ಮೂಲೆ ಮೇಜಿನಲ್ಲಿ
ಯಾರು ಕಾಫಿ ಆರಿಸುತ್ತ ಕೂರುತ್ತಾರೆಂದು
ಇಡೀ ಬಜಾರಿಗೆ ಗೊತ್ತಿತ್ತು. ಕಿಟಕಿಗೆ ಬೆನ್ನು ಹಾಕಿ
ಕೂರುತ್ತಿದ್ದ ಕಾಮತರು ಒಂದು ದಿನ
ಕುರ್ಚಿಯನ್ನು ಈಚೆಗೆ ತಿರುಗಿಸಿಕೊಂಡರು. ಮಾತಾಡಲಿಲ್ಲ.

ಮುಂದಿನದೆಲ್ಲ ಸುಲಭ. ತುಂಗಾತಟ ಸೆಕ್ಯುರಿಟೀಸ್.
ಕಂಪ್ಯೂಟರು. ಡಿಮ್ಯಾಟು. ಮುಂಬಯಿ. ಈಗ ಇದು.
ಒಂದೊಂದಕ್ಕೂ ದಿನಾಂಕವಿದೆ, ಮುದ್ರೆಯಿದೆ.
ತುಂಬಿ ಕಳಿಸಿದೆ. ಸೋಮವಾರ ಉತ್ತರ ಬಂತು, ಯಾರೋ ಕಿಯೋಕೊ:
‘ಎರಡನೆಯ ಹೆಸರು ಅಪೂರ್ಣವಾಗಿ ಕಾಣುತ್ತಿದೆ.
ಬಿಟ್ಟುಹೋದ ಪದವನ್ನು ದಯವಿಟ್ಟು ತಿಳಿಸುವುದು.’

ಬಿಟ್ಟುಹೋದದ್ದಲ್ಲ ತಾಯಿ, ಬಿಡದೆ ಇಟ್ಟುಕೊಂಡದ್ದು ಅಂತ
ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು?
ಹಳೆಯ ಹಲಗೆ ಯುಪಿಎಸ್ ಬ್ಯಾಟರಿಯ ಕೆಳಗಿದೆ.
ದಸ್ತಗೀರ ಬಗ್ಗಿ, ಧೂಳೊರೆಸಿ, ಓದುತ್ತಿದ್ದಾನೆ:
‘ಅಂಡ್ ಕಾಣ್ತದೆ ಮೇಡಂ. ಈಚೆಗೆ ಆಸಿಡ್ ಬಿದ್ದಿದೆ.’